ಕಬ್ಬಿಣ ಹಿಡಿಸಿದ ಕೈ

ನರ ಎಂಬ ಮಾತನ್ನು ಯಾರಾದರೂ ತಪ್ಪಾಗಿ ಆಡಿದರೆ ನಮ್ಮ ಮೇಷ್ಟ್ರಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು, "ಕುತ್ತಿಗೆ ನರ ಹಿಡ್ಕಂಡೈತೆ ಸಾ" ಎಂದರೆ, ಟಿಕೆಟ್ಟು ತೆಗೆದುಕೊಳ್ಳುವ ಮೊದಲೇ, "ಅದು ನರ ಅಲ್ಲಪ್ಪ, ಸ್ನಾಯು" ಎನ್ನುವರು. ಮುಂಗೈಯ ಹಸಿರು ಗೆರೆ ತೋರಿಸಿ ನರ ಎಂದವರಿಗೆ, "ಅದು ರಕ್ತನಾಳ." ಹಿಮ್ಮಡಿಯ ಮೇಲಿನ ಬಿಗಿ ಹುರಿಯನ್ನು ಮುಟ್ಟಿ ನರ ಎಂದವರಿಗೂ ಬಿಡುಗಡೆಯಿಲ್ಲ. "ಹಂಗಾದ್ರೆ ನರ ಎಲ್ಲೈತೆ ಹೇಳ್ರಿ ಸಾ" ಎಂದು ಕಂಡಕ್ಟರು ನಕ್ಕರೆ ಅವರ ಮುಖ ಕೆಂಪಾಗುತ್ತಿತ್ತು. "ಈಗ ನೀನು ಸೀಟಿ ಊದಿದ್ಯಲ್ಲ, ಡ್ರೈವರ್ ಬ್ರೇಕ್ ಒತ್ತಿದ್ನಲ್ಲ, ಅವೆರಡರ ನಡುವೆ ಐತೆ ನರ." ಬಸ್ಸೆಲ್ಲ ನಗುತ್ತಿತ್ತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿ ಕೂರುವರು. ಒಂದೇ ಒಂದು ಮಾತನ್ನು ಜನರ ಬಾಯಲ್ಲಿ ಸರಿಯಾಗಿ ಕೂರಿಸಲು ಒಬ್ಬ ಮನುಷ್ಯ ಅಷ್ಟು ಒದ್ದಾಡುವುದನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಮೇಷ್ಟ್ರು ಹೋದ ತಿಂಗಳು ಹಿರಿಯೂರಿನಲ್ಲಿ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ತೊಂಬತ್ತರ ಹತ್ತಿರದ ವಯಸ್ಸು, ಮಲಗಿದ್ದಲ್ಲೇ ಹೋದರಂತೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಮುಚ್ಚಿಟ್ಟುಕೊಂಡಿದ್ದ ಸಂಗತಿಯೊಂದು ಊರಿನ ಬಾಯಿಗೆ ಬಿದ್ದ ದಿನ ಅವರ ಪಕ್ಕ ನಿಲ್ಲಬಹುದಾಗಿದ್ದವನು ನಾನೊಬ್ಬನೇ. ನಾನು ನಿಲ್ಲಲಿಲ್ಲ. ಇಷ್ಟು ವರ್ಷ ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಕುಡಿಯುವುದು ಇಷ್ಟು ತಡವಾಯಿತು.

ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಹೊಳಲ್ಕೆರೆ ತಾಲ್ಲೂಕಿನ ಒಂದು ಊರಿನಲ್ಲಿ, ಊರವರೇ ಸಮಿತಿ ಮಾಡಿಕೊಂಡು ನಡೆಸುತ್ತಿದ್ದ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮೇಷ್ಟ್ರು, ನಾನು ಲ್ಯಾಬಿನ ಅಟೆಂಡರು. ನನ್ನದು ಕುರಿ ಕಾಯುವ ಮನೆತನ. ಎಸ್ಸೆಸ್ಸೆಲ್ಸಿ ಪಾಸಾದವನು ಮನೆಯಲ್ಲಿ ನಾನೇ ಮೊದಲು. ಲ್ಯಾಬೆಂದರೆ ಹೆಂಚಿನ ಒಂದು ಕೋಣೆ, ಎರಡು ಬೀರು, ಒಂದು ಉದ್ದ ಮೇಜು. ಅದರ ಬೀಗದ ಕೈ ಅಂಗೈಯಷ್ಟು ಉದ್ದದ ಕಬ್ಬಿಣದ್ದು. ಅದನ್ನು ದಾರಕ್ಕೆ ಕಟ್ಟಿ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುವುದೇ ನನಗೊಂದು ದೊಡ್ಡಸ್ತಿಕೆ.

ಪುಸ್ತಕದಲ್ಲಿ ನರಮಂಡಲದ ಪಾಠ ಎರಡೇ ಪುಟ. ಮೇಷ್ಟ್ರು ಅದನ್ನು ಹದಿನೈದು ದಿನ ಮಾಡುವರು. ಹೆಡ್ಮಾಷ್ಟ್ರು ಬಾಗಿಲಲ್ಲಿ ತಲೆ ಹಾಕಿ, "ಇನ್ನೂ ನರದಾಗೇ ಇದೀರೇನ್ರೀ?" ಎಂದು ಕೇಳಿದರೆ, "ಹುಡುಗ್ರು ಇನ್ನೂ ತಂತಿಯಾಗೇ ಅವ್ರೆ ಸಾರ್" ಎಂದು ಉತ್ತರ.

ತಂತಿ ಅವರ ಶತ್ರು. ಊರಿಗೆ ಕರೆಂಟು ಬಂದು ಎರಡು ವರ್ಷವಾಗಿತ್ತು, ಹುಡುಗರಿಗೆ ಕಂಡದ್ದೆಲ್ಲ ತಂತಿ. ಪುಸ್ತಕದಲ್ಲೂ ನರವೆಂದರೆ ಟೆಲಿಫೋನು ತಂತಿಯಂತೆ ಎಂದು ಬರೆದಿತ್ತು. ಮೇಷ್ಟ್ರು ಆ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಹಾಕಿಸಿದ್ದರು. ನರಕೋಶದ ಹೊರಗೆ ಉಪ್ಪಿನ ಅಂಶ ಹೆಚ್ಚು, ಒಳಗೆ ಪೊಟ್ಯಾಷು ಹೆಚ್ಚು, ನಡುವೆ ತೆಳ್ಳನೆಯ ಪೊರೆ, ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳು. ಸುಮ್ಮನಿದ್ದಾಗ ಒಳಗಡೆ ಋಣ, ಹೊರಗಡೆ ಧನ. ಸಾಕಷ್ಟು ಜೋರಾಗಿ ಕೆಣಕಿದರೆ ಉಪ್ಪಿನ ಬಾಗಿಲು ತೆರೆದುಕೊಂಡು ಉಪ್ಪಿನ ಕಣ ಒಳಗೆ ನುಗ್ಗುತ್ತದೆ, ಆ ಜಾಗ ಒಂದು ಗಳಿಗೆ ಧನವಾಗುತ್ತದೆ. ಅದೇ ನರದ ಕರೆಂಟು. ಕೂಡಲೇ ಆ ಬಾಗಿಲು ಮುಚ್ಚಿ, ಪೊಟ್ಯಾಷು ಹೊರಗೆ ಹೋಗಿ, ಎಲ್ಲ ಮೊದಲಿನಂತಾಗುತ್ತದೆ. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದಿರುತ್ತದೆ. ಕೆಣಕಿದ್ದು ಸಾಲದಿದ್ದರೆ ಏನೂ ಆಗುವುದಿಲ್ಲ. "ಅರ್ಧ ಅನ್ನೋದಿಲ್ಲ. ಆದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲ" ಎಂದು ಮೇಜು ಗುದ್ದುವರು. ಸೀಮೆಸುಣ್ಣ ಮುರಿಯುತ್ತಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಹಂಗಾದ್ರೆ ಇವನ್ನ ಮುಟ್ಟಿದ್ರೆ ಯಾಕೆ ಶಾಕ್ ಹೊಡೀಯಲ್ಲ ಸಾ?" ಎನ್ನುತ್ತಿದ್ದ. ಡಸ್ಟರು ಹಾರುತ್ತಿತ್ತು.

ಅಂಥ ಒಂದು ಪಾಠ ಮುಗಿಸಿ ಬಂದು ಲ್ಯಾಬಿನ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. ನಾನು ಬೀಕರು ತೊಳೆಯುತ್ತಿದ್ದೆ.

"ಏನಪ್ಪ, ನೀನೂ ಬಾಗಿಲ ಹಿಂದೆ ನಿಂತು ಕೇಳ್ತೀಯಲ್ಲ. ನಿಂಗಾದ್ರೂ ತಿಳೀತಾ?"

"ಕುರಿ ಬೆದರಿದಂಗೆ ಅಲ್ವಾ ಸಾ?" ಎಂದೆ.

"ಏನಂದೆ?"

ನಾನು ಕೈ ಒರೆಸಿಕೊಂಡು ಹೇಳಿದೆ. ಮಂದೆ ಸಾಲಾಗಿ ನಿಂತಿರುತ್ತದೆ. ಆ ತುದಿಯ ಕುರಿ ತೋಳ ನೋಡಿ ಬೆದರುತ್ತದೆ. ಅದು ಬೆದರಿದ್ದಕ್ಕೆ ಪಕ್ಕದ್ದು ಬೆದರುತ್ತದೆ, ಅದಕ್ಕೆ ಅದರ ಪಕ್ಕದ್ದು. ಯಾವ ಕುರಿಯೂ ಜಾಗ ಬಿಟ್ಟು ಹೋಗುವುದಿಲ್ಲ. ಬೆದರು ಮಾತ್ರ ಈ ತುದಿಗೆ ಬಂದು ಮುಟ್ಟುತ್ತದೆ. "ತೋಳ ನೋಡಿದ ಕುರಿ ಎಷ್ಟು ಬೆದರ್ತದೋ, ತೋಳ ನೋಡದೇ ಇರೋ ಕೊನೇ ಕುರಿನೂ ಅಷ್ಟೇ ಬೆದರ್ತದೆ ಸಾ. ಕಮ್ಮಿ ಆಗಲ್ಲ."

ಅವರು ಎದ್ದು ನಿಂತರು. "ಬೆದರಿದ ಕುರಿ ತಕ್ಷಣ ಇನ್ನೊಂದು ಸಲ ಬೆದರ್ತದಾ?"

"ಇಲ್ಲ ಸಾ. ಒಂಚೂರು ಸುಧಾರಿಸ್ಕಬೇಕು."

"ಅದಕ್ಕೇ ಕಣೋ ನರದ ಸುದ್ದಿ ಹಿಂದಕ್ಕೆ ಬರಲ್ಲ, ಮುಂದಕ್ಕೇ ಹೋಗ್ತದೆ! ಲೇ, ನಾಕು ವರ್ಷದಿಂದ ಒದ್ದಾಡ್ತಾ ಇದೀನಿ. ಎಲ್ಲಿಟ್ಕಂಡಿದ್ದೆ ಇದನ್ನ?"

ಮಾರನೆಯ ದಿನ ನನ್ನನ್ನು ತರಗತಿಯೊಳಗೆ ಕರೆದು ಬೋರ್ಡಿನ ಪಕ್ಕ ನಿಲ್ಲಿಸಿದರು. "ಇವನ ಹತ್ರ ಕಲ್ತಿದ್ದು" ಎಂದು ಹುಡುಗರಿಗೆ ಹೇಳಿ ಕುರಿಸಾಲು ಬರೆದರು. ಅವರ ಕುರಿಗಳು ಹಂದಿಯಂತಿದ್ದವು. ಅಟೆಂಡರನನ್ನು ಹಾಗೆ ನಿಲ್ಲಿಸಿ ಹೆಸರು ಹೇಳಿದ ಮೇಷ್ಟ್ರನ್ನು ನಾನು ಕೇಳಿಯೂ ಇರಲಿಲ್ಲ. ಅಂಥವರಿಗೆ ನಾನು ಮಾಡಿದ್ದನ್ನು ಬರೆಯುವ ಮೊದಲು ಇದನ್ನು ಬರೆಯಬೇಕಿತ್ತು.

ಅವರ ಬೈಗುಳವೂ ಬೇಕಾದಷ್ಟು ತಿಂದಿದ್ದೇನೆ. ಕಪ್ಪೆಯ ಕಾಲಿನ ನರಕ್ಕೆ ಬ್ಯಾಟರಿಯ ತಂತಿ ಮುಟ್ಟಿಸಿ ಕಾಲು ಜಿಗಿಯುವುದನ್ನು ತೋರಿಸುತ್ತಿದ್ದರು. ಅದನ್ನು ಹದವಾದ ಉಪ್ಪುನೀರಿನಲ್ಲಿ ಇಡುವುದು ನನ್ನ ಕೆಲಸ. ಇನ್‌ಸ್ಪೆಕ್ಟರು ಬಂದ ದಿನವೇ ನಾನು ಎರಡು ಬಾಟಲಿಗಳನ್ನು ಅದಲುಬದಲು ಮಾಡಿ ಬರೀ ನೀರಿನಲ್ಲಿ ಇಟ್ಟೆ. ಮೇಷ್ಟ್ರು ತಂತಿ ಮುಟ್ಟಿಸಿದರು, ಕಾಲು ಅಲ್ಲಾಡಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಇನ್‌ಸ್ಪೆಕ್ಟರು, "ಕಪ್ಪೆಗೂ ನಿಮ್ಮ ಪಾಠ ಹಿಡಿಸಲಿಲ್ಲ ಅಂತ ಕಾಣುತ್ತೆ" ಎಂದು ನಕ್ಕು ಹೋದರು. "ಉಪ್ಪಿಲ್ದಿದ್ರೆ ನರಕ್ಕೆ ಬಾಯೇ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಲೇಬಲ್ ಹಚ್ಚೋಕೆ ಏನ್ ರೋಗ?" ಎಂದು ಮೇಷ್ಟ್ರು ಕೂಗಿದ್ದು ರಸ್ತೆಗೆ ಕೇಳಿತ್ತು. ಹೆಡ್ಮಾಷ್ಟ್ರ ಮುಂದೆ ಮಾತ್ರ ತಪ್ಪು ತಮ್ಮದೇ ಎಂದರು.

ಅವರಲ್ಲಿ ಕೆಲವು ವಿಚಿತ್ರಗಳಿದ್ದವು. ಸೈಕಲ್ಲು ತುಳಿಯುತ್ತಿರಲಿಲ್ಲ. ಹುಡುಗರನ್ನು ರಾಮಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋದರೆ ತಾವು ಕೆಳಗೇ ಉಳಿಯುವರು. ಬಾವಿಯ ಕಟ್ಟೆಯ ಹತ್ತಿರ ಹೋಗುತ್ತಿರಲಿಲ್ಲ. ಮನೆಯಲ್ಲಿ ಒಬ್ಬರೇ ಇದ್ದರೂ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಹುಡುಗರು ಪುಕ್ಕಲ ಮೇಷ್ಟ್ರು ಎಂದು ಹೆಸರಿಟ್ಟಿದ್ದರು, ನಾನೂ ಅವರೊಂದಿಗೆ ನಕ್ಕಿದ್ದೇನೆ. ತಿಂಗಳಿಗೊಮ್ಮೆ ಚಿತ್ರದುರ್ಗಕ್ಕೆ ಹೋಗಿ ಒಂದು ಸಣ್ಣ ಸೀಸೆ ತರುತ್ತಿದ್ದರು. ಕೇಳಿದರೆ, "ನಿದ್ದೆ ಮಾತ್ರೆ" ಎನ್ನುವರು.

ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ಲ್ಯಾಬಿನಲ್ಲಿ ಬೀರು ಜೋಡಿಸುತ್ತಿದ್ದಾಗ ಹಿಂದಿನಿಂದ ಒಂದು ಕೂಗು ಕೇಳಿ ತಿರುಗಿದೆ. ಮೇಷ್ಟ್ರು ನೆಲದ ಮೇಲಿದ್ದರು. ಮೈ ಸೆಟೆದು, ಆಮೇಲೆ ಕೈಕಾಲು ಅದುರಲು ಶುರುವಾಯಿತು. ಬಾಯಲ್ಲಿ ನೊರೆ. ಮೂರ್ಛೆರೋಗ ಎಂದು ಗೊತ್ತಾಯಿತು. ನಮ್ಮ ಕಡೆ ಅದಕ್ಕೆ ಎಲ್ಲರೂ ಮಾಡುವುದು ಒಂದೇ: ಕೈಗೆ ಕಬ್ಬಿಣ ಹಿಡಿಸುವುದು. ನಾನು ಸೊಂಟದ ಬೀಗದ ಕೈ ಕಿತ್ತು, ಅವರ ಬೆರಳುಗಳನ್ನು ಬಲವಂತವಾಗಿ ಬಿಡಿಸಿ ಹಿಡಿಸಿದೆ. ಮುಷ್ಟಿಯ ಮೇಲೆ ನನ್ನ ಎರಡೂ ಕೈ ಒತ್ತಿ ಕೂತೆ. ಸ್ವಲ್ಪ ಹೊತ್ತಿಗೆ ಅದುರು ನಿಂತಿತು. ಬೀಗದ ಕೈಯ ಹಲ್ಲು ಅಂಗೈಯನ್ನು ಸೀಳಿತ್ತು. ರಕ್ತ ಹರಿಯುತ್ತಿತ್ತು.

ಪೂರ್ತಿ ಎಚ್ಚರವಾದ ಮೇಲೆ ಅವರು ಎದ್ದು ಗೋಡೆಗೊರಗಿ, ಅಂಗೈ ನೋಡಿಕೊಂಡರು.

"ಏನ್ ಹಿಡಿಸ್ದೆ?"

"ಬೀಗದ ಕೈ ಸಾ. ಕಬ್ಬಿಣ..."

ಅವರು ಕಣ್ಣು ಮುಚ್ಚಿಕೊಂಡರು. ಸಿಟ್ಟಿಗಿಂತ ಹೆಚ್ಚಾಗಿ ಸೋತವರ ಮುಖ ಅದು. "ನೀನೂನಾ?" ಎಂದರು. "ಬಾಗಿಲ ಹಿಂದೆ ನಿಂತು ಇಷ್ಟು ವರ್ಷ ಕೇಳಿದ್ದು ಇದಕ್ಕೇನೋ? ಕುರಿ ಮಾತು ಹೇಳ್ದೋನು ನೀನು!"

"ಕರೆಂಟು ಕಬ್ಬಿಣಕ್ಕೆ ಇಳಿದು ಹೋಗ್ತದೆ ಅಂತಾರೆ ಸಾ. ನಿಂತೋಯ್ತಲ್ಲ?"

"ತಾನೇ ನಿಲ್ತದೆ ಕಣೋ. ನೀನು ಕೈಗೆ ಬದನೆಕಾಯಿ ಕೊಟ್ಟಿದ್ರೂ ನಿಲ್ತಿತ್ತು. ಹೆಸರು ಮಾತ್ರ ಕಬ್ಬಿಣಕ್ಕೆ ಬರ್ತದೆ." ಆಮೇಲೆ ಮೆಲ್ಲಗೆ ಹೇಳಿದರು. ಮೆದುಳಿನಲ್ಲಿ ಕೋಟ್ಯಂತರ ನರಕೋಶಗಳು, ಒಂದೊಂದೂ ತನ್ನ ಸರದಿಯಲ್ಲಿ ಬೆದರಬೇಕು. ಕೆಲವೊಮ್ಮೆ ತೋಳವೇ ಇಲ್ಲದೆ ಮಂದೆಗೆ ಮಂದೆಯೇ ಒಟ್ಟಿಗೆ ಬೆದರುತ್ತದೆ. ಸುಸ್ತಾಗಿ ತಾನೇ ನಿಲ್ಲುತ್ತದೆ. ಅದು ತಲೆಯೊಳಗಿನ ಗಲಾಟೆ, ಅಂಗೈಯಿಂದ ಇಳಿಸಲು ಅದು ತಂತಿಯಲ್ಲ. ಮಾತ್ರೆ ನುಂಗಿದರೆ ವರ್ಷಗಟ್ಟಲೆ ಬರುವುದಿಲ್ಲ, ಈ ಸಲ ಸೀಸೆ ಖಾಲಿಯಾಗಿ ನಾಲ್ಕು ದಿನವಾಗಿತ್ತು. "ಮತ್ತೆ ಬಂದ್ರೆ ಏನ್ ಮಾಡ್ಬೇಕು ಹೇಳ್ತೀನಿ, ಕೇಳು. ಬಡಿಯೋ ಅಂಥದ್ದು ಏನಿದ್ರೂ ದೂರ ಸರಿಸು. ತಲೆ ಕೆಳಗೆ ಬಟ್ಟೆ ಇಡು. ಮಗ್ಗುಲಿಗೆ ತಿರುಗಿಸು. ಹಿಡೀಬೇಡ, ಬಾಯಿಗೆ ಏನೂ ತುರುಕಬೇಡ. ಗಡಿಯಾರ ನೋಡು. ಐದು ನಿಮಿಷ ದಾಟಿದ್ರೆ ಡಾಕ್ಟರಿಗೆ ಹೇಳಿಕಳ್ಸು. ಅಷ್ಟೇ." ಆಮೇಲೆ, "ಯಾರಿಗೂ ಹೇಳ್ಬೇಡಪ್ಪ" ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಏನನ್ನೂ ಬೇಡಿದವರಲ್ಲ.

ನಾನು ಮಾತು ಕೊಟ್ಟೆ. ಎರಡು ವರ್ಷ ಉಳಿಸಿಕೊಂಡೆ.

ಎರಡನೆಯ ಸಲ ಬಂದದ್ದು ಹತ್ತನೆಯ ತರಗತಿಯಲ್ಲಿ, ಪಾಠದ ನಡುವೆ. ಜ್ವರ ಬಂದು ಎದ್ದಿದ್ದರು, ರಜೆ ಹಾಕದೆ ಬಂದಿದ್ದರು. ಹುಡುಗರ ಕಿರುಚಾಟ ಕೇಳಿ ನಾನು ಓಡಿದೆ. ಮೊದಲು ಮುಟ್ಟಿದವನು ನಾನೇ. ಬೆಂಚು ಸರಿಸಿದೆ, ಟವೆಲ್ಲು ಮಡಿಸಿ ತಲೆಯ ಕೆಳಗಿಟ್ಟೆ. ಮಗ್ಗುಲಿಗೆ ತಿರುಗಿಸಬೇಕೆಂದು ಭುಜಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಹೆಡ್ಮಾಷ್ಟ್ರು ಬಂದರು, ಬೇರೆ ಮೇಷ್ಟ್ರುಗಳು ಬಂದರು. ಬಾಗಿಲಲ್ಲಿ ಯಾರೋ "ಕಬ್ಬಿಣ, ಕಬ್ಬಿಣ" ಎಂದರು. ಇನ್ನೊಬ್ಬರು, ಮತ್ತೊಬ್ಬರು. "ಲೇ, ನಿನ್ ಸೊಂಟದಾಗೇ ಐತಲ್ಲೋ! ಏನ್ ನೋಡ್ತಾ ಕುಂತೀಯ?" ಎಂದು ಹೆಡ್ಮಾಷ್ಟ್ರು ಕೂಗಿದರು.

ಗೊತ್ತಿದ್ದೂ ಗೊತ್ತಿದ್ದೂ ನಾನು ಬೀಗದ ಕೈ ತೆಗೆದೆ. ಅದೇ ಅಂಗೈ. ಹಳೆಯ ಗಾಯದ ಗೆರೆ ಕಾಣುತ್ತಿತ್ತು. ಅದರ ಮೇಲೇ ಇಟ್ಟು ಬೆರಳು ಮಡಿಸಿದೆ. ತೋಳ ನೋಡದ ಕೊನೇ ಕುರಿ ನಾನು.

ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮೂರು ದಿನದ ನಂತರ ಸಮಿತಿ ಕೂತಿತು. ಮೇಷ್ಟ್ರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದೊಂದೇ ವಿಷಯ. ಅಧ್ಯಕ್ಷರು ಕೆಟ್ಟವರೇನಲ್ಲ. "ಪಾಠದ ಬಗ್ಗೆ ನಮ್ದೇನೂ ತಕರಾರಿಲ್ಲ ಮೇಷ್ಟ್ರೇ. ಆದ್ರೆ ಹುಡುಗ್ರ ತಂದೆತಾಯಿ ಹೆದರ್ಕಂಡವ್ರೆ. ಇದಕ್ಕೆ ಏನ್ ಮಾಡ್ಬೇಕು ಅಂತ ತಿಳಿದೋನು ಒಬ್ಬ ಶಾಲೆಯಾಗೆ ಇದ್ರೆ ನಾವೇ ಅವರಿಗೆ ಸಮಾಧಾನ ಹೇಳ್ತೀವಿ" ಎಂದರು.

ಮೇಷ್ಟ್ರು ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ತಿರುಗಿದರು. "ಇದಾನಲ್ಲ. ಇವನಿಗೆ ಎಲ್ಲಾ ಗೊತ್ತು. ಒಂದ್ಸಲ ನೋಡ್ಕಂಡವ್ನೆ. ಕೇಳ್ರಿ."

ಹೆಡ್ಮಾಷ್ಟ್ರು ಥಟ್ಟನೆ ನನ್ನನ್ನು ನೋಡಿದರು. "ಏನಪ್ಪ, ನಿಂಗೆ ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ ನಮಗೆ ಹೇಳ್ಲಿಲ್ವಾ?"

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ವರ್ಷ ಆಗುವುದರಲ್ಲಿತ್ತು. ಗೊತ್ತು ಎಂದರೆ ಮುಚ್ಚಿಟ್ಟವನಾಗುತ್ತೇನೆ. ಗೊತ್ತು ಎನ್ನುವ ಮಾತು ಗಂಟಲವರೆಗೆ ಬಂದದ್ದು ನನಗೆ ಇಂದಿಗೂ ನೆನಪಿದೆ. ಆದರೆ ಮೇಷ್ಟ್ರು ಹೇಳಿದಂತೆ ಅರ್ಧಕ್ಕೆ ಲೆಕ್ಕವಿಲ್ಲ.

"ನಂಗೇನೂ ಗೊತ್ತಿಲ್ಲ ಸಾ" ಎಂದೆ.

ಮೇಷ್ಟ್ರು ನನ್ನನ್ನು ನೋಡಿದರು. ತರಗತಿಯಲ್ಲಿ ಉತ್ತರ ಬರದೆ ನಿಂತ ಹುಡುಗನನ್ನು ನೋಡುತ್ತಿದ್ದ ಹಾಗೆಯೇ. "ಸರಿ, ಕುಂತ್ಕ" ಎಂದರು. ನಾನು ಕೂರುವುದಕ್ಕೆ ಅಲ್ಲಿ ಕುರ್ಚಿಯೇ ಇರಲಿಲ್ಲ.

ಊರು ಬಿಡುವ ದಿನ ಅವರು ಲ್ಯಾಬಿಗೆ ಬಂದು ಬೀರುವಿನ ಸಾಮಾನು ಒಂದೊಂದಾಗಿ ನನಗೆ ಒಪ್ಪಿಸಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಡಸ್ಟರು ಎಸೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಹೊಸಿಲು ದಾಟುವಾಗ, "ಉಪ್ಪುನೀರಿನ ಬಾಟ್ಲಿಗೆ ಲೇಬಲ್ ಹಚ್ಚು, ಮರೀಬೇಡ" ಎಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ನನ್ನ ಕೆಲಸ ಆ ವರ್ಷವೇ ಕಾಯಂ ಆಯಿತು.

ಅವರು ಹಿರಿಯೂರಿನಲ್ಲಿ ತಂಗಿಯ ಮನೆ ಸೇರಿ ಟ್ಯೂಷನ್ ಹೇಳುತ್ತಿದ್ದಾರೆಂದು ಕೇಳಿ, ಏಳೆಂಟು ವರ್ಷದ ನಂತರ ಕ್ಷಮೆ ಕೇಳಲು ಹೋದೆ. ಮನೆ ಸಿಕ್ಕಿತು. ಕಿಟಕಿಯಿಂದ ದನಿ ಬೀದಿಗೆ ಕೇಳುತ್ತಿತ್ತು. "ತಂತಿ ಅಲ್ಲ ಕಣ್ರೋ, ತಂತಿ ಅಲ್ಲ! ಕುರಿ ಅಲ್ಲೇ ಇರ್ತದೆ, ಬೆದರು ಮುಂದಕ್ಕೆ ಹೋಗ್ತದೆ. ಇದು ನನ್ನ ಮಾತಲ್ಲ. ನಮ್ಮ ಶಾಲೇಲಿ ಅಟೆಂಡರ್ ಒಬ್ಬ ಇದ್ದ, ಅವನು ಹೇಳ್ಕೊಟ್ಟಿದ್ದು." ಆಮೇಲೆ ನನ್ನ ಹೆಸರು ಹೇಳಿದರು, ಪೂರ್ತಿ ಹೆಸರು. ನಾನು ಗೇಟಿನ ಮೇಲೆ ಇಟ್ಟಿದ್ದ ಕೈ ತೆಗೆದು ಬಸ್ ಸ್ಟ್ಯಾಂಡಿಗೆ ವಾಪಸು ನಡೆದೆ. ಅವರು ಒಂದು ಮಾತು ಕೆಟ್ಟದ್ದಾಗಿ ಆಡಿದ್ದರೆ ಒಳಗೆ ಹೋಗುತ್ತಿದ್ದೆನೋ ಏನೋ.

ಅವರ ಸಾವಿನ ಸುದ್ದಿ ತಿಳಿದ ವಾರ ನಾನು ಹೊಸದುರ್ಗಕ್ಕೆ ಹೋಗಲು ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಸಕ್ಕರೆ ಕಾಯಿಲೆ ನನ್ನ ಪಾದದ ನರಗಳನ್ನು ತಿಂದಿದೆ, ಚಪ್ಪಲಿ ಜಾರಿ ಹೋದರೂ ತಿಳಿಯುವುದಿಲ್ಲ. ಎದುರಿಗೆ ಜನ ಗುಂಪುಗೂಡಿದರು. ಕಾಲೇಜಿನ ವಯಸ್ಸಿನ ಹೆಣ್ಣುಮಗಳೊಬ್ಬಳು ನೆಲದ ಮೇಲೆ ಬಿದ್ದು ಅದುರುತ್ತಿದ್ದಳು. "ಕಬ್ಬಿಣ ಕೊಡ್ರೋ ಯಾರಾದ್ರೂ!" ಎಲ್ಲರ ಕೈಯಲ್ಲೂ ಮೊಬೈಲು. ಮಾತು ಮಾತ್ರ ಅದೇ. ಒಬ್ಬ ಬೈಕಿನ ಬೀಗದ ಕೈ ಹಿಡಿದು ಬಗ್ಗಿದ.

ನಾನು ಒಂದೇ ಕಾಲಿನ ಚಪ್ಪಲಿಯಲ್ಲಿ ಗುಂಪಿನೊಳಗೆ ನುಗ್ಗಿದೆ. "ಬ್ಯಾಡ್ರಪ್ಪ, ಕಬ್ಬಿಣ ಬ್ಯಾಡ! ಮಗ್ಗುಲಿಗೆ ತಿರುಗಿಸ್ರಿ!"

"ಅಜ್ಜ, ನೀ ಸುಮ್ಕೆ ಸರಿ. ನಿಂಗೇನ್ ಗೊತ್ತು?"

"ಗೊತ್ತು" ಎಂದೆ. "ನಂಗೆ ಗೊತ್ತು. ನಮ್ಮ ಮೇಷ್ಟ್ರು ಹೇಳ್ಕೊಟ್ಟವ್ರೆ. ನಂಗೆ ಎಲ್ಲಾ ಗೊತ್ತು."

ನನ್ನ ದನಿ ಅಷ್ಟು ಜೋರಾಗಿ ಬಂದದ್ದು ನನಗೇ ಆಶ್ಚರ್ಯ. ಬೈಕಿನವನು ಕೇಳಲಿಲ್ಲ, ಬೆರಳು ಬಿಡಿಸಿ ಬೀಗದ ಕೈ ಹಿಡಿಸಿಯೇ ಬಿಟ್ಟ. ನಾನು ಮಂಡಿಯೂರಿ ಅವಳನ್ನು ಮಗ್ಗುಲಿಗೆ ತಿರುಗಿಸಿದೆ, ಟವೆಲ್ಲು ತಲೆಯ ಕೆಳಗಿಟ್ಟೆ, ಸ್ಟ್ಯಾಂಡಿನ ಗಡಿಯಾರ ನೋಡುತ್ತ ಕೂತೆ. ಎರಡು ನಿಮಿಷಕ್ಕೆ ಅದುರು ತಾನಾಗಿಯೇ ನಿಂತಿತು.

ಬೈಕಿನವನು ಎದ್ದು ನಿಂತು ಕೈ ಕೊಡವಿಕೊಂಡ. "ನೋಡಿದ್ರಾ, ಕಬ್ಬಿಣ ಹಿಡಿಸಿದ ಮ್ಯಾಲೆ ಹೆಂಗೆ ನಿಂತೋಯ್ತು!"

ಜನ ಹೌದೌದು ಎಂದರು. ನಾನು ಅವಳ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೀಗದ ಕೈ ತೆಗೆದು ಅವನಿಗೆ ವಾಪಸು ಕೊಟ್ಟೆ. ಅಂಗೈ ತಿರುಗಿಸಿ ನೋಡಿದೆ. ಗಾಯವೇನೂ ಆಗಿರಲಿಲ್ಲ.